ತೊಂಬತ್ತು ಸಾವಿರ ಪೈಪುಗಳ ಕೆಳಗೆ ಒಂದು ಮಟನ್ ಚಾಪ್

ಕಳೆದ ತಿಂಗಳು ಮೈಸೂರಿನಲ್ಲಿ ಗೆಳತಿಯರ ಓದಿನ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿಗಳೂ ಸೇರಿವೆ.

ಎಲ್ಲರಿಗೂ ನಮಸ್ಕಾರ.

ನಾನು ಮಿಲಿಟರಿ ಹೋಟೆಲಿನ ಮಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತು ಹೇಳಬೇಕೆಂದಿರುವ ನ್ಯೂಯಾರ್ಕಿನ ಹೋಟೆಲನ್ನು ನಾನು ನೋಡಿದ್ದು ಆ ಕಣ್ಣಿನಿಂದಲೇ. ಮಂಡ್ಯ ಸೀಮೆಯ ಒಂದು ಊರಿನಲ್ಲಿ, ಬಸ್ ಸ್ಟ್ಯಾಂಡ್ ಪಕ್ಕ, ನಮ್ಮಪ್ಪ 28 ವರ್ಷ ಹೋಟೆಲ್ ನಡೆಸಿದರು. ಆರು ಮೇಜು, ಹನ್ನೆರಡು ಬೆಂಚು, ಹಿಂದುಗಡೆ ಸೌದೆ ಒಲೆ. ಮುದ್ದೆ, ಕಾಲು ಸೂಪು, ಬೋಟಿ ಗೊಜ್ಜು, ಕೈಮ ಉಂಡೆ, ಚಾಪ್ಸ್. ಭಾನುವಾರ ತಲೆಮಾಂಸ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕ, ಅದರಲ್ಲಿ ಸಾಲದ ಲೆಕ್ಕ. ಆ ಪುಸ್ತಕ ನೆನಪಿರಲಿ, ಮತ್ತೆ ಬರುತ್ತದೆ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. 2025ರ ಬೇಸಿಗೆಯಲ್ಲಿ ಮೂರು ತಿಂಗಳು ಅವನ ಜೊತೆ ಇದ್ದೆ. ವಾಪಸು ಹೊರಡುವ ವಾರ ‘ಅಮ್ಮ, ನಿನ್ನನ್ನ ಒಂದು ಕಡೆ ಊಟಕ್ಕೆ ಕರ್ಕೊಂಡು ಹೋಗ್ಬೇಕು, 140 ವರ್ಷದ ಸ್ಟೀಕ್‌ಹೌಸ್’ ಅಂದ. ಸ್ಟೀಕ್ ಅಂದರೆ ದನದ ಮಾಂಸ. ನಾನು ತಿನ್ನುವುದಿಲ್ಲ, ಅವನಿಗೂ ಗೊತ್ತು. ‘ಅಲ್ಲಿ ಮಟನ್ ಚಾಪ್‌ಗೆ ಜನ ಬರ್ತಾರಮ್ಮ’ ಅಂದ.

ಚಾಪ್ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ನಮ್ಮ ಹೋಟೆಲಿನ ಗೋಡೆ ಕಣ್ಣಮುಂದೆ ಬಂತು. ಕಪ್ಪು ಹಲಗೆ, ಸೀಮೆಸುಣ್ಣ, ಅಪ್ಪನ ದುಂಡನೆಯ ಅಕ್ಷರ: ಚಾಪ್ಸ್. ಚಿಕ್ಕವಳಿದ್ದಾಗ ಅದು ಕನ್ನಡದ್ದೇ ಮಾತು ಅಂದುಕೊಂಡಿದ್ದೆ. ಮುದ್ದೆ, ಬೋಟಿ, ಚಾಪ್ಸ್ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು ನೋಡಿ. ಕತ್ತಿಯಲ್ಲಿ ಒಂದೇ ಏಟಿಗೆ ಕಡಿಯುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತು ಅದು, ಹಾಗೆ ಕಡಿದ ಮೂಳೆಸಮೇತದ ತುಂಡಿಗೂ ಅದೇ ಹೆಸರು. ಇಂಗ್ಲಿಷರ ಜೊತೆ ಬಂದ ಮಾತು ನಮ್ಮ ಮಿಲಿಟರಿ ಹೋಟೆಲುಗಳಿಗೆ ಹೊಕ್ಕು, ಹುರಿದ ಧನಿಯ, ಮೆಣಸು, ಚಕ್ಕೆ, ಲವಂಗದ ಮಸಾಲೆ ಹಚ್ಚಿಕೊಂಡು ನಮ್ಮದೇ ಆಗಿಹೋಯಿತು. ಅದರ ಮೂಲದ ಮನೆಗೇ ಹೋಗಿ ಉಣ್ಣುವುದು ಅಂದರೆ, ನನಗೆ ದೂರದ ನೆಂಟರ ಮನೆಗೆ ಹೊರಟ ಹಾಗಿತ್ತು.

ಹೋಟೆಲಿನ ಹೆಸರು ಕೀನ್ಸ್. ಮ್ಯಾನ್‌ಹಟನ್ನಿನ 36ನೇ ಬೀದಿಯಲ್ಲಿದೆ. ನ್ಯೂಜೆರ್ಸಿಯಿಂದ ಟ್ರೇನಿನಲ್ಲಿ ಬಂದು ಪೆನ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಸುತ್ತ ಮುಗಿಲೆತ್ತರದ ಕಟ್ಟಡಗಳು, ಇದು ಮಾತ್ರ ಕುಳ್ಳಗೆ ಕೂತಿದೆ. ಬಾಗಿಲು ದೂಡಿದರೆ ಒಳಗೆ ಮಬ್ಬು ಬೆಳಕು, ಕಡುಗಂದು ಬಣ್ಣದ ಮರದ ಗೋಡೆ, ಗೋಡೆಯ ಇಂಚಿಂಚಿಗೂ ಹಳೇ ನಾಟಕದ ಕರಪತ್ರ, ಫೋಟೋ, ವ್ಯಂಗ್ಯಚಿತ್ರ. ಹೊರಗಿನ ಬಿಸಿಲಿನಿಂದ ಒಳಗೆ ಬಂದವಳಿಗೆ ಒಂದು ನಿಮಿಷ ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ತಲೆ ಎತ್ತಿದೆ.

ಸೀಲಿಂಗಿನ ತುಂಬಾ ಪೈಪು. ನೀರಿನ ಪೈಪಲ್ಲ, ಹೊಗೆಸೊಪ್ಪು ಸೇದುವ ಮಣ್ಣಿನ ಪೈಪು. ಮೊಳದುದ್ದದ ಸಣ್ಣ ಕೊಳವೆ, ತುದಿಯಲ್ಲಿ ಹೆಬ್ಬೆರಳ ಗಾತ್ರದ ಬಟ್ಟಲು. ಒಂದರ ಪಕ್ಕ ಒಂದು, ಸಾಲು ಸಾಲಾಗಿ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ, ಮುಗಿಯುವುದೇ ಇಲ್ಲ. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ಈಗ ಹಳೇ ಹಲ್ಲಿನ ಬಣ್ಣ. ಸೀಲಿಂಗು ತಗ್ಗಿನಲ್ಲಿರುವುದರಿಂದ, ಕಣ್ಣು ಚುರುಕಾಗಿದ್ದರೆ ಮೇಲೆ ಬರೆದ ನಂಬರುಗಳೂ ಕಾಣುತ್ತವೆ.

ಆ ನಂಬರು ನೋಡಿ ನನ್ನ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. ಇದು ಅಪ್ಪನ ಕೆಂಪು ಪುಸ್ತಕ ಅಂದುಕೊಂಡೆ.

ವಿಷಯ ಹೀಗಿದೆ. ಹಿಂದೆ ಇಂಗ್ಲೆಂಡಿನಲ್ಲಿ ಪ್ರಯಾಣ ಮಾಡುವವರು ತಮಗೆ ಹಿಡಿಸಿದ ಛತ್ರದಲ್ಲೇ ತಮ್ಮ ಪೈಪು ಬಿಟ್ಟುಹೋಗುತ್ತಿದ್ದರು. ಉದ್ದನೆಯ ಮಣ್ಣಿನ ಪೈಪು, ಕುದುರೆಯ ಮೇಲಿನ ಚೀಲದಲ್ಲಿಟ್ಟರೆ ಪುಡಿ. ಅದಕ್ಕೆ, ಇಟ್ಟಿರಿ, ಮುಂದಿನ ಸಲ ಬಂದಾಗ ಸೇದುತ್ತೇನೆ ಎಂದು ಕೊಟ್ಟುಹೋಗುವುದು. ಕೀನ್ಸ್‌ನವರು ಆ ಪದ್ಧತಿಯನ್ನು ನ್ಯೂಯಾರ್ಕಿಗೆ ತಂದರು. ಪೈಪ್ ಕ್ಲಬ್ ಮಾಡಿದರು. ಸದಸ್ಯನಿಗೆ ಒಂದು ಪೈಪು, ಒಂದು ನಂಬರು, ಪುಸ್ತಕದಲ್ಲಿ ಹೆಸರು. ಅದನ್ನು ನೋಡಿಕೊಳ್ಳುವುದಕ್ಕೇ ಒಬ್ಬ ಮೇಲ್ವಿಚಾರಕ. ಊಟ ಮುಗಿದ ಮೇಲೆ ಅವರವರ ಪೈಪು ಹುಡುಕಿ ತಂದುಕೊಡಲು ಹುಡುಗರು. ಹಾಗೆ ಸೇರಿದ ಸದಸ್ಯರ ಪಟ್ಟಿ 90,000 ದಾಟಿದೆ ಎಂದು ಹೋಟೆಲಿನವರು ಹೇಳುತ್ತಾರೆ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಬೇಸ್‌ಬಾಲ್ ಆಟಗಾರ ಬೇಬ್ ರೂತ್, ಐನ್‌ಸ್ಟೈನ್, ಬ್ಯಾಂಕಿನ ಧಣಿ ಜೆ.ಪಿ. ಮಾರ್ಗನ್, ಜನರಲ್ ಮೆಕಾರ್ಥರ್ ಇವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ದೊಡ್ಡವರ ಪೈಪುಗಳನ್ನು ಬಾಗಿಲ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನನಗೆ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನಿಸಲಿಲ್ಲ. ಮೇಲೆ ನೇತಾಡುವ ಉಳಿದ ಪೈಪುಗಳು ಯಾರವು? ಗುಮಾಸ್ತರು, ನಾಟಕದವರು, ಪತ್ರಿಕೆಯವರು, ಬಟ್ಟೆ ವ್ಯಾಪಾರಿಗಳು ಇದ್ದಿರಬೇಕು. ಇವತ್ತು ಅವರ ಮನೆಯವರಿಗೂ ಅವರ ನೆನಪಿರಲಿಕ್ಕಿಲ್ಲ. ಉಂಡ ಜಾಗ ನೆನಪಿಟ್ಟುಕೊಂಡಿದೆ.

ಅಪ್ಪನ ಪುಸ್ತಕದಲ್ಲಿಯೂ ಹೀಗೇ ಇತ್ತು. ಡ್ರೈವರು, ಕಬ್ಬಿನ ಗಾಡಿಯವರು, ಸ್ಕೂಲ್ ಮೇಷ್ಟ್ರು, ಪೊಲೀಸು. ಹೆಸರು, ತಾರೀಕು, ಎಷ್ಟು ಮುದ್ದೆ, ಎಷ್ಟು ಚಾಪ್ಸ್, ಬಾಕಿ ಎಷ್ಟು. ಹೋಟೆಲ್ ಮುಚ್ಚಿದ ವರ್ಷ ಮನೆ ಸುಣ್ಣ ಬಳಿಸುವಾಗ ಹಳೇ ಪೇಪರಿನ ಜೊತೆ ಆ ಪುಸ್ತಕಗಳೂ ತೂಕಕ್ಕೆ ಹೋದವು. 28 ವರ್ಷದ ಪುಸ್ತಕಗಳು. ನಾನು ಆಗ ಅಲ್ಲೇ ಇದ್ದೆ, ಬೇಡ ಅನ್ನಲಿಲ್ಲ. ಆ ನೋವು ನನಗೆ ನ್ಯೂಯಾರ್ಕಿನಲ್ಲಿ ತಲೆ ಎತ್ತಿ ನಿಂತಾಗ ಗೊತ್ತಾಯಿತು.

ಕೀನ್ಸ್ ಶುರುವಾದದ್ದು 1885ರಲ್ಲಿ. ಆಲ್ಬರ್ಟ್ ಕೀನ್ ಎಂಬಾತ ಮೊದಲು ‘ದಿ ಲ್ಯಾಂಬ್ಸ್’ ಅನ್ನುವ ನಾಟಕದವರ ಕ್ಲಬ್ಬಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ. ಲ್ಯಾಂಬ್ಸ್ ಅಂದರೆ ಕುರಿಮರಿಗಳು, ಅದೂ ಒಂದು ಸೋಜಿಗ. ಆಗ ಹೆರಾಲ್ಡ್ ಸ್ಕ್ವೇರ್ ಸುತ್ತಮುತ್ತ ನಾಟಕ ಮಂದಿರಗಳದ್ದೇ ಸಾಮ್ರಾಜ್ಯ. ಹಿಂದುಗಡೆಯ ಗ್ಯಾರಿಕ್ ಥಿಯೇಟರಿನ ನಟರು ಎರಡು ಅಂಕದ ನಡುವೆ ಬಣ್ಣದ ಮುಖದಲ್ಲೇ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಗಂಟಲು ಒದ್ದೆ ಮಾಡಿಕೊಂಡು ಓಡುತ್ತಿದ್ದರಂತೆ. ನಮ್ಮ ಕಂಪನಿ ನಾಟಕದ ಕ್ಯಾಂಪ್ ಹಾಕಿದ ಊರುಗಳಲ್ಲಿ ಹೋಟೆಲಿನವರನ್ನು ಕೇಳಿ, ಇಂಥದ್ದೇ ಕಥೆ ಸಿಗುತ್ತದೆ. ಆಮೇಲೆ ನಾಟಕದ ಬೀದಿ ಉತ್ತರಕ್ಕೆ ಸರಿಯಿತು, ಮಂದಿರಗಳು ಬಿದ್ದುಹೋದವು. ಇದೊಂದು ಉಳಿಯಿತು.

ಆಗ ಇದರ ಹೆಸರು ಚಾಪ್‌ಹೌಸ್. 17ನೇ ಶತಮಾನದ ಕೊನೆಯಿಂದ ಲಂಡನ್ನಿನಲ್ಲಿ ವ್ಯಾಪಾರಿಗಳು, ಗುಮಾಸ್ತರು ಉಣ್ಣುತ್ತಿದ್ದ ಹೋಟೆಲುಗಳು ಚಾಪ್‌ಹೌಸ್‌ಗಳು. ಬೆಂಕಿಯ ಮೇಲೆ ಸುಟ್ಟ ಮಾಂಸ, ಬ್ರೆಡ್ಡು, ಬಿಯರು, ಅಷ್ಟೇ. ಅಮೆರಿಕದ ಸ್ಟೀಕ್‌ಹೌಸ್ ಬೆಳೆದದ್ದು ಅದರ ಬೇರಿನಿಂದಲೇ. ನ್ಯೂಯಾರ್ಕಿನಲ್ಲಿಯೇ 1868ರ ಓಲ್ಡ್ ಹೋಮ್‌ಸ್ಟೆಡ್, 1887ರ ಪೀಟರ್ ಲೂಗರ್ ಇಂದಿಗೂ ಇವೆ. ಕೀನ್ಸ್ ಇವುಗಳ ನಡುವಿನದು. ಈಗ ಬೋರ್ಡಿನಲ್ಲಿ ಸ್ಟೀಕ್‌ಹೌಸ್ ಎಂದಿದ್ದರೂ ಒಳಗಿನ ಜೀವ ಚಾಪ್‌ಹೌಸಿನದೇ.

ಟೇಬಲ್ ಸಿಗಲು ಇನ್ನೂ ಸ್ವಲ್ಪ ಹೊತ್ತಿತ್ತು, ಬಾರಿನಲ್ಲಿ ಕೂರಿಸಿದರು. ನಾನು ಕುಡಿಯುವವಳಲ್ಲ. ಆದರೆ ಕೈಕೆಲಸ ಯಾವುದಾದರೂ ನೋಡಲು ನನಗೆ ಇಷ್ಟ. ಮಗ ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲ್ ಹೇಳಿದ. ಬಾರ್‌ನವರು, ಅರವತ್ತರ ಆಸುಪಾಸಿನವರು ಇರಬೇಕು, ಮೊದಲು ಕುಳ್ಳ ಗ್ಲಾಸಿಗೆ ಸಕ್ಕರೆ ಹಾಕಿದರು. ಆಮೇಲೆ ಒಂದು ಪುಟ್ಟ ಬಾಟಲಿ ತೆಗೆದರು. ಬಾಟಲಿಗಿಂತ ಅದಕ್ಕೆ ಸುತ್ತಿದ ಕಾಗದವೇ ಎತ್ತರ, ಕತ್ತಿನ ಮೇಲೆ ಅಂಗಿಯ ಕಾಲರಿನ ಹಾಗೆ ನಿಂತಿತ್ತು. ಅದರಿಂದ ಎರಡು ಮೂರು ತೊಟ್ಟು ಸಕ್ಕರೆಯ ಮೇಲೆ. ಸಕ್ಕರೆ ಕೆಂಪಗಾಯಿತು. ಅದನ್ನು ಅರೆದು, ವಿಸ್ಕಿ ಸುರಿದು, ಗ್ಲಾಸಿನ ತುಂಬಾ ಬರುವಷ್ಟು ದೊಡ್ಡ ಒಂದೇ ಐಸು ಇಟ್ಟು, ಉದ್ದನೆಯ ಚಮಚದಲ್ಲಿ ನಿಧಾನಕ್ಕೆ ತಿರುಗಿಸಿದರು. ಸದ್ದೇ ಇಲ್ಲ. ಕೊನೆಗೆ ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯನ್ನು ಗ್ಲಾಸಿನ ಮೇಲೆ ಹಿಡಿದು ಹಿಂಡಿದರು. ದೀಪದ ಬೆಳಕಿನಲ್ಲಿ ಸಣ್ಣ ಮಂಜಿನ ಹಾಗೆ ಎಣ್ಣೆ ಚಿಮ್ಮಿದ್ದು ಕಾಣಿಸಿತು.

ಆ ಪುಟ್ಟ ಬಾಟಲಿಯದ್ದು ಅಂಗಸ್ಟುರಾ ಬಿಟರ್ಸ್. 1824ರಲ್ಲಿ ವೆನಿಜುವೆಲಾದಲ್ಲಿ ಜರ್ಮನ್ ವೈದ್ಯ ಸೀಗರ್ಟ್, ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರನ ಸೈನಿಕರ ಹೊಟ್ಟೆನೋವಿಗೆ ಅಂತ ಮಾಡಿದ ಔಷಧಿ ಅದು. ನಾನು ಒಂದು ಗುಟುಕು ರುಚಿ ನೋಡಿದೆ. ನಮ್ಮ ಮನೆಯಲ್ಲಿ ಬಾಣಂತಿಗೆ ಕೊಡುವ ಕಷಾಯದ ಒಗರು ನಾಲಿಗೆಯ ತುದಿಗೆ ಬಂದು ಹೋಯಿತು. ಲವಂಗ, ಚಕ್ಕೆ, ಯಾವುದೋ ಬೇರು. ಕಾಕ್‌ಟೇಲ್ ಅಂದರೆ ಏನೆಂದು 1806ರಲ್ಲಿಯೇ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಒಂದು ಪತ್ರಿಕೆ ಬರೆದಿತ್ತು: ಮದ್ಯ, ಸಕ್ಕರೆ, ನೀರು, ಬಿಟರ್ಸ್. ಇಷ್ಟೇ. ಆಮೇಲೆ ಬಾರ್‌ನವರು ಅದಕ್ಕೆ ಬೇರೆ ಬೇರೆ ಮದ್ಯ, ಹಣ್ಣು ಸೇರಿಸತೊಡಗಿದರು. ಬೇಸರ ಬಂದ ಹಳಬರು ‘ನನಗೆ ಹಳೇ ಥರದ್ದೇ ಮಾಡಿಕೊಡಪ್ಪ’ ಅಂದರು. ಹಳೇ ಥರದ್ದು ಅನ್ನುವುದೇ ಹೆಸರಾಯಿತು. ಕೀನ್ಸ್ ಶುರುವಾದ 1880ರ ದಶಕದಲ್ಲಿಯೇ ಜನ ಹಳೇದನ್ನು ಕೇಳುತ್ತಿದ್ದರು ಅಂದರೆ ನೋಡಿ. ನಡುವೆ 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ. ಎಷ್ಟೋ ಬಾರುಗಳು ಮುಚ್ಚಿದವು. ಹದಿಮೂರು ವರ್ಷ ಕೈ ಬಿಟ್ಟುಹೋದ ಕಸುಬನ್ನು ಮತ್ತೆ ಕೈಗೆ ತಂದುಕೊಳ್ಳುವುದು ಸುಮ್ನೆ ಮಾತಲ್ಲ.

ಬಾರಿನಲ್ಲಿ ಮೇಲೆ ಒಂದು ದೊಡ್ಡ ತೈಲಚಿತ್ರವಿದೆ. ಬೆತ್ತಲೆ ಹೆಂಗಸು ಒರಗಿ ಮಲಗಿರುವ ಚಿತ್ರ. ಅದನ್ನು ನೋಡುತ್ತಾ ಮಗನನ್ನು ಕೇಳಿದೆ: ‘ಮೊದಲು ಇಲ್ಲಿ ಹೆಂಗಸರು ಬರ್ತಿದ್ರೇನೋ?’

ಬರುತ್ತಿರಲಿಲ್ಲ. ಬಿಡುತ್ತಿರಲಿಲ್ಲ. ಗೋಡೆಯ ಮೇಲೆ ಹೆಣ್ಣಿಗೆ ಜಾಗವಿದ್ದ ಕಾಲದಲ್ಲಿ ಕುರ್ಚಿಯ ಮೇಲೆ ಇರಲಿಲ್ಲ. ಚಾಪ್‌ಹೌಸ್ ಗಂಡಸರ ಜಾಗ. 1905ರಲ್ಲಿ ಲಿಲ್ಲಿ ಲ್ಯಾಂಗ್‌ಟ್ರಿ ಎಂಬ ಹೆಸರಾಂತ ನಟಿ ಊಟಕ್ಕೆ ಬಂದರು. ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದವರು, ಜೆರ್ಸಿ ಲಿಲಿ ಅಂತಲೇ ಹೆಸರು. ನನ್ನ ಮಗ ಇರುವ ರಾಜ್ಯಕ್ಕೆ ಹೆಸರು ಬಂದದ್ದೂ ಆ ದ್ವೀಪದಿಂದ. ಅವರನ್ನೂ ಒಳಗೆ ಕೂರಿಸಲಿಲ್ಲ. ಅವರು ಸುಮ್ಮನೆ ವಾಪಸು ಹೋಗಲಿಲ್ಲ, ಕೋರ್ಟಿಗೆ ಹೋದರು. ಗೆದ್ದರು. ಗೆದ್ದ ಮೇಲೆ ಕುತ್ತಿಗೆಗೆ ಗರಿಗಳ ಶಾಲು ಸುತ್ತಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದು ಮಟನ್ ಚಾಪ್ ತರಿಸಿಕೊಂಡು ತಿಂದರು ಎಂದು ಹೋಟೆಲಿನವರೇ ಹೆಮ್ಮೆಯಿಂದ ಹೇಳುತ್ತಾರೆ. ಈಗ ಒಂದು ಕೋಣೆಗೆ ಅವರ ಹೆಸರಿದೆ. ಎಲ್ಲ ಕಡೆ ಬಾಗಿಲು ಇಷ್ಟು ಬೇಗ ತೆರೆಯಲಿಲ್ಲ ಅನ್ನುವುದೂ ಗೊತ್ತಿರಲಿ. ಅದೇ ಊರಿನ ಮ್ಯಾಕ್‌ಸೋರ್ಲೀಸ್ ಎಂಬ ಹಳೇ ಬಿಯರ್ ಅಂಗಡಿ ಹೆಂಗಸರನ್ನು ಒಳಗೆ ಬಿಟ್ಟದ್ದು 1970ರಲ್ಲಿ, ಕಾನೂನು ಬಂದ ಮೇಲೆ.

ಇಲ್ಲಿ ನಾನು ನಮ್ಮವ್ವನ ವಿಷಯ ಹೇಳಬೇಕು.

ನಮ್ಮ ಹೋಟೆಲಿನ ಮಸಾಲೆ ಪೂರ್ತಿ ಅವ್ವನದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಧನಿಯ ಹುರಿಯುತ್ತಿದ್ದಳು. ಆ ಘಮಕ್ಕೇ ನಮಗೆ ಎಚ್ಚರವಾಗುತ್ತಿತ್ತು. ಮೆಣಸು ಬೇರೆ, ಗಸಗಸೆ ಬೇರೆ, ಕಾಯಿ ಬೇರೆ. ಒರಳುಕಲ್ಲಿನಲ್ಲಿ ರುಬ್ಬಿ, ಮೂರು ಪಾತ್ರೆಗೆ ತುಂಬಿ, ಬಟ್ಟೆ ಕಟ್ಟಿ ಹೋಟೆಲಿಗೆ ಕಳಿಸುತ್ತಿದ್ದಳು. ಗಿರಾಕಿಗಳು ಹೊಗಳುತ್ತಿದ್ದದ್ದು ‘ಗೌಡ್ರ ಹೋಟ್ಲು ಚಾಪ್ಸ್’ ಅಂತ. ಆ ಹೋಟೆಲಿನ ಬೆಂಚಿನ ಮೇಲೆ ಕೂತು ಅವ್ವ ಒಂದು ದಿನವೂ ಉಣ್ಣಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹೆಂಗಸರು ಬಂದರೆ ಹಿತ್ತಿಲ ಬಾಗಿಲಲ್ಲಿ ನಿಂತು, ಸೆರಗಿನ ಮರೆಯಲ್ಲಿ ಪಾತ್ರೆ ಹಿಡಿದು, ಸಾರು ಹಾಕಿಸಿಕೊಂಡು ಹೋಗುತ್ತಿದ್ದರು. ಆಮೇಲಾಮೇಲೆ ಅಪ್ಪ ಒಂದು ಮೂಲೆಗೆ ಪರದೆ ಕಟ್ಟಿ ‘ಫ್ಯಾಮಿಲಿ ರೂಮ್’ ಎಂದು ಬರೆಸಿದರು. ಈ ಪರದೆ ನಿಮ್ಮೂರಿನಲ್ಲೂ ನೋಡಿರುತ್ತೀರಿ, ಅಲ್ವಾ? ಅದರ ಹಿಂದೆ ಗಂಡನ ಜೊತೆ ಬಂದವರು ಕೂರಬಹುದಿತ್ತು. ಒಬ್ಬಳೇ ಬಂದವಳಿಗೆ ಅದೂ ಇರಲಿಲ್ಲ. ಅಪ್ಪ ಕೆಟ್ಟವರಲ್ಲ. ನಾನು ಅವರನ್ನು ತುಂಬಾ ಪ್ರೀತಿಸಿದ್ದೇನೆ. ಆದರೆ ಈ ಲೆಕ್ಕ ಬಾಕಿ ಉಳಿದಿದೆ, ಇದನ್ನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಟೇಬಲ್ ಸಿಕ್ಕಿತು. ಮಗ ಸ್ಟೀಕ್ ಹೇಳುವ ಮುಂಚೆ ನನ್ನ ಮುಖ ನೋಡಿದ. ‘ತಿನ್ನೋ, ನಿನ್ನ ಊಟ ನಿಂದು’ ಅಂದೆ. ಅವನ ಸ್ಟೀಕಿನ ವಿಷಯವನ್ನೂ ಹೇಳುತ್ತೇನೆ, ಕಸುಬಿನ ಮಾತು. ಆ ಮಾಂಸ ಅವತ್ತು ಕಡಿದದ್ದಲ್ಲ. ದೊಡ್ಡ ತುಂಡುಗಳನ್ನು ಮೂಳೆಸಮೇತ ತಣ್ಣನೆಯ ಕೋಣೆಯಲ್ಲಿ, ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪವೇ ಮೇಲಿನ ತಂಪಿನಲ್ಲಿ, ಗಾಳಿಯಾಡುವ ಹಾಗೆ ಮೂರು ನಾಲ್ಕು ವಾರ ಇಡುತ್ತಾರೆ. ಮಾಂಸದೊಳಗಿನ ಕಿಣ್ವಗಳು ನಾರನ್ನು ಸಡಿಲ ಮಾಡುತ್ತವೆ. ನೀರು ಆರಿ ರುಚಿ ಗಟ್ಟಿಯಾಗುತ್ತದೆ. ಹೊರಗೆ ಕಪ್ಪಗೆ ಒಣಗಿದ ಪದರವನ್ನು ಕೆತ್ತಿ ಬಿಸಾಡಬೇಕು. ಆರಿಹೋದದ್ದು, ಕೆತ್ತಿದ್ದು ಸೇರಿಸಿದರೆ ತೂಕದಲ್ಲಿ ಒಳ್ಳೇ ಪಾಲು ನಷ್ಟ. ಬೆಲೆ ಏರುವುದು ಅದಕ್ಕೇ. ನಮ್ಮಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಬೆಳಿಗ್ಗೆ ಕುಯ್ದದ್ದು ಮಧ್ಯಾಹ್ನ ಎಲೆಗೆ ಬರಬೇಕು, ನಿನ್ನೆಯದ್ದು ಅಂದರೆ ಗಿರಾಕಿ ಎದ್ದು ಹೋಗುತ್ತಾನೆ. ನಾವು ನಾರನ್ನು ಸಡಿಲ ಮಾಡುವುದು ಒಲೆಯ ಮೇಲೆ, ಸಣ್ಣ ಉರಿಯಲ್ಲಿ, ತಾಳ್ಮೆಯಿಂದ. ಅವರು ಅದನ್ನು ಬೆಂಕಿಗೆ ಹೋಗುವ ಮೊದಲೇ ಮುಗಿಸುತ್ತಾರೆ, ಅದಕ್ಕೇ ಬೆಂಕಿಯ ಮುಂದೆ ಅವರಿಗೆ ಕೆಲವೇ ನಿಮಿಷ ಸಾಕು. ಇಬ್ಬರೂ ಕಾಯುತ್ತಾರೆ, ಕಾಯುವ ಜಾಗ ಬೇರೆ.

ನನ್ನ ಚಾಪ್ ಬಂತು. ಚಾಪ್ಸ್ ಅಂದರೆ ನನಗೆ ಗೊತ್ತಿದ್ದದ್ದು ಎರಡು ಬೆರಳಿನಲ್ಲಿ ಹಿಡಿಯುವ ಪಕ್ಕೆಲುಬಿನ ತುಂಡು. ಇದು ತಟ್ಟೆ ತುಂಬಿಕೊಂಡು ಕೂತಿತ್ತು. ತೂಕ ಮುಕ್ಕಾಲು ಕೆ.ಜಿ.ಯ ಹತ್ತಿರ. ಕುರಿಯ ಸೊಂಟದ ಭಾಗವನ್ನು ಬೆನ್ನುಮೂಳೆಸಮೇತ ಅಡ್ಡಕ್ಕೆ ಕಡಿದದ್ದು. ನಡುವೆ ಮೂಳೆ, ಎರಡೂ ಕಡೆ ಮಾಂಸದ ಕಣ್ಣು, ಪಕ್ಕದ ಕೊಬ್ಬಿನ ಪಟ್ಟಿಗಳು ಒಳಕ್ಕೆ ಸುತ್ತಿಕೊಂಡು, ರೆಕ್ಕೆ ಮಡಚಿದ ಚಿಟ್ಟೆಯ ಹಾಗೆ. ಅಂಚಿನ ಕೊಬ್ಬು ಕಪ್ಪಗೆ ಸುಟ್ಟು ಗುಳ್ಳೆ ಎದ್ದಿತ್ತು. ಕೆಳಗೆ ಬಾಡಿಸಿದ ಒಂದು ಥರದ ಕಹಿ ಸೊಪ್ಪು. ಮಸಾಲೆ ಇಲ್ಲ, ಉಪ್ಪು ಮತ್ತು ಬೆಂಕಿ.

ಮೊದಲ ತುಂಡಿಗೆ ನಾಲಿಗೆ ಏನನ್ನೋ ಹುಡುಕಿತು. ಧನಿಯ ಎಲ್ಲಿ, ಮೆಣಸು ಎಲ್ಲಿ. ಎರಡನೇ ತುಂಡಿಗೆ ಹುಡುಕುವುದು ನಿಂತಿತು. ಕೊಬ್ಬಿನ ರುಚಿ ತಾನಾಗೇ ಮುಂದೆ ಬಂತು, ಹುಲ್ಲಿನ, ಬಿಸಿಲಿನ, ಉಣ್ಣೆಯ ವಾಸನೆ ಇರುವ ರುಚಿ. ಅಪ್ಪ ಸಂತೆಯಲ್ಲಿ ಬನ್ನೂರು ಕುರಿ ಆರಿಸುತ್ತಿದ್ದ ರೀತಿ ನೆನಪಾಯಿತು. ಗಿಡ್ಡ ಕಾಲಿನ, ತುಂಬಿದ ಮೈಯ ಕುರಿ. ಹಲ್ಲು ನೋಡಿ, ಆಮೇಲೆ ಸೊಂಟದ ಮೇಲೆ ಅಂಗೈಯಿಟ್ಟು, ಬೆರಳಿನಿಂದ ಬೆನ್ನುಮೂಳೆಯ ಎರಡೂ ಬದಿ ಒತ್ತಿ ನೋಡುತ್ತಿದ್ದರು. ಮೂಳೆ ಚುಚ್ಚಿದರೆ ಬೇಡ, ಮೆತ್ತಗೆ ತುಂಬಿಕೊಂಡಿದ್ದರೆ ವ್ಯಾಪಾರ. ಅವರ ಬೆರಳು ಹುಡುಕುತ್ತಿದ್ದ ಜಾಗವೇ ಈಗ ನನ್ನ ತಟ್ಟೆಯಲ್ಲಿತ್ತು. ಕೊನೆಗೆ ಚಾಕು, ಫೋರ್ಕು ಪಕ್ಕಕ್ಕಿಟ್ಟು ಮೂಳೆಯನ್ನು ಕೈಯಲ್ಲೇ ತೆಗೆದುಕೊಂಡೆ. ಮೂಳೆಗೆ ಅಂಟಿದ ಮಾಂಸ ಬಿಡುವುದು ನನ್ನ ಕೈಯಲ್ಲಾಗದು.

ಇದರ ಹೆಸರು ಮಟನ್ ಚಾಪ್ ಆದರೂ ಈಗ ಬರುವುದು ಬಲಿತ ಕುರಿಯಲ್ಲ, ಎಳೆಯ ಕುರಿ. ಅಮೆರಿಕದಲ್ಲಿ ಬಲಿತ ಕುರಿಯ ಮಾಂಸ ತಿನ್ನುವವರೇ ಇಲ್ಲವಾದರು. 1942ರಲ್ಲಿ ಆ ದೇಶದಲ್ಲಿ ಸುಮಾರು 5.6 ಕೋಟಿ ಕುರಿಗಳಿದ್ದವು, ಈಗ ಸುಮಾರು 50 ಲಕ್ಷ. ನೈಲಾನು, ಪಾಲಿಯೆಸ್ಟರು ಬಂದು ಉಣ್ಣೆಗೆ ಬೇಡಿಕೆ ಬಿತ್ತು. ಯುದ್ಧದಲ್ಲಿ ಡಬ್ಬಿಯ ಕುರಿಮಾಂಸ ತಿಂದು ರೋಸಿಹೋದ ಸೈನಿಕರು ಊರಿಗೆ ಬಂದ ಮೇಲೆ ಅದರ ಹೆಸರೆತ್ತಲಿಲ್ಲ ಎಂದೂ ಹೇಳುತ್ತಾರೆ. ಒಂದು ಇಡೀ ದೇಶದ ನಾಲಿಗೆಯಿಂದ ಒಂದು ರುಚಿ ಜಾರಿಹೋಗಲು ಒಂದು ತಲೆಮಾರು ಸಾಕಾಯಿತು. ಈ ಹೋಟೆಲ್ ಹೆಸರನ್ನಾದರೂ ಬಿಡದೆ ಹಿಡಿದುಕೊಂಡಿದೆ. 1935ರಲ್ಲಿ ಹತ್ತು ಲಕ್ಷದ ಮಟನ್ ಚಾಪ್ ಬಡಿಸಿದ ಸಂಭ್ರಮ ಮಾಡಿದ್ದರಂತೆ. ನಾನು ಹೋಟೆಲಿನ ಮಗಳಲ್ಲವೇ, ಕೂತಲ್ಲೇ ಲೆಕ್ಕ ಹಾಕಿದೆ. 50 ವರ್ಷಕ್ಕೆ ಹತ್ತು ಲಕ್ಷ ಅಂದರೆ ದಿನಕ್ಕೆ 55. ಒಂದು ದಿನವೂ ಬಾಗಿಲು ಮುಚ್ಚದೆ. 55 ಸಲ ಒಬ್ಬ ಮನುಷ್ಯ ಬೆಂಕಿಯ ಮುಂದೆ ನಿಂತು, ಈಗ ತಿರುಗಿಸಬೇಕು ಎಂದು ನಿರ್ಧಾರ ಮಾಡಬೇಕು. ಆ ಮನುಷ್ಯರ ಹೆಸರು ಸೀಲಿಂಗಿನಲ್ಲಿಲ್ಲ. ಉಂಡವರ ಪೈಪು ಇದೆ, ಬೇಯಿಸಿದವರ ಸೌಟು, ಇಕ್ಕಳ ಯಾವುದೂ ಇಲ್ಲ. ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ಜಾಗ ಅರ್ಧ ಜನರನ್ನು ಬಿಟ್ಟಿದೆ ಅನ್ನುವುದು ನನಗೆ ಅವತ್ತಿನಿಂದ ಕೊರೆಯುತ್ತಿದೆ.

ಇನ್ನೊಂದು ಮಾತು. ಹಳೇದು ತಾನಾಗೇ ಉಳಿದುಬಂತು ಅಂದುಕೊಳ್ಳಬೇಡಿ. 1970ರ ದಶಕದ ಹೊತ್ತಿಗೆ ಕೀನ್ಸ್ ಮುಚ್ಚುವ ಸ್ಥಿತಿಗೆ ಬಂದಿತ್ತು. 1978ರಲ್ಲಿ ಜಾರ್ಜ್ ಶ್ವಾರ್ಟ್ಜ್ ಎಂಬ ಡಾಕ್ಟರೂ, ಆಸ್ಟ್ರಿಯಾದಿಂದ ಬಂದ ಕಲಾವಿದೆಯಾದ ಅವರ ಹೆಂಡತಿ ಕಿಕಿ ಕೋಗೆಲ್ನಿಕ್ ಅವರೂ ಇದನ್ನು ಕೊಂಡರು. ಮೂರು ವರ್ಷ ರಿಪೇರಿ ಮಾಡಿಸಿ 1981ರಲ್ಲಿ ಮತ್ತೆ ಬಾಗಿಲು ತೆರೆದರು. ಲಾಭಕ್ಕಾಗಿಯೇ ಆಗಿದ್ದರೆ ಕೆಡವಿ ಹೊಸದು ಕಟ್ಟುವುದು ಸುಲಭವಿತ್ತು. 2003ರಲ್ಲಿ ನ್ಯೂಯಾರ್ಕಿನಲ್ಲಿ ಬಾರು, ಹೋಟೆಲುಗಳಲ್ಲಿ ಹೊಗೆ ಸೇದುವುದನ್ನೇ ನಿಲ್ಲಿಸಿದರು, ಆದರೂ ಪೈಪುಗಳು ಇಳಿಯಲಿಲ್ಲ. ನಾನು ಹೋದ ವರ್ಷವೇ, 2025ರಲ್ಲಿ, ದೊಡ್ಡ ಹೋಟೆಲ್ ಉದ್ಯಮಿ ಟಿಲ್ಮನ್ ಫರ್ಟಿಟಾ ಇದನ್ನು ಕೊಂಡಿದ್ದಾರೆ. ಪೈಪು ಒರೆಸುವ ಕೆಲಸಕ್ಕೆ ಸಂಬಳ ಕೊಡುವುದನ್ನು ಅವರು ನಿಲ್ಲಿಸದಿರಲಿ ಎಂದು ನನ್ನ ಆಸೆ. ಒಂದೊಂದೂ ಮಣ್ಣಿನ ಪೈಪು, ಒಂದೊಂದಕ್ಕೂ ಕೈ ಬೇಕು.

ಊರಿಗೆ ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅವಳಿಗೆ ಈಗ 82. ಪೈಪಿನ ವಿಷಯ, ಕೋರ್ಟಿಗೆ ಹೋದ ನಟಿಯ ವಿಷಯ. ಅವಳು ಮೊದಲು ಕೇಳಿದ್ದು, ‘ಉಪ್ಪು ಯಾವಾಗ ಹಾಕ್ತಾರಂತೆ? ಸುಡೋಕೆ ಮುಂಚೆನೋ, ಆಮೇಲೋ?’ ನಾನು ಕೇಳಿಕೊಂಡು ಬಂದಿರಲಿಲ್ಲ. ‘ಅದನ್ನೇ ಕೇಳ್ದೆ ಬಂದ್ಯಾ’ ಅಂದಳು. ಆಮೇಲೆ ನಾನು ಕೇಳಿದೆ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು: ‘ಅವ್ವ, ಒಂದು ದಿನನಾದ್ರೂ ನಮ್ಮ ಹೋಟ್ಲಲ್ಲಿ ಕೂತು ಉಣ್ಬೇಕು ಅನ್ನಿಸಿತ್ತಾ?’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಒಲೆ ಮೇಲಿಂದ ಇಳಿಸಿದ ತಕ್ಷಣ ತಿಂದ್ರೆ ಹೆಂಗಿರುತ್ತೆ ಅಂತ ಅನ್ನಿಸ್ತಿತ್ತು. ನನಗೆ ಬರೋ ಹೊತ್ಗೆ ಆರೋಗಿರೋದು’ ಅಂದಳು.

ಅಪ್ಪನ ಹೋಟೆಲ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಹೋದ ಭಾನುವಾರ ಅವ್ವನನ್ನು ಮೈಸೂರಿನ ಒಂದು ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದೆ. ಸಪ್ಲೈಯರ್ ಹುಡುಗ ‘ಅಜ್ಜಿ, ಮೇಲೆ ಫ್ಯಾಮಿಲಿ ರೂಮ್ ಇದೆ’ ಅಂದ. ಬೇಡ ಅಂದೆ. ಬಾಗಿಲ ಪಕ್ಕದ ಮೊದಲ ಮೇಜಿನಲ್ಲೇ ಕೂತೆವು. ಮುದ್ದೆ, ಚಾಪ್ಸ್ ಬಂತು, ಹೊಗೆಯಾಡುತ್ತಿತ್ತು. ಅವ್ವ ಒಂದು ತುಂಡು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿದು, ಆ ಹುಡುಗನನ್ನು ಹತ್ತಿರ ಕರೆದಳು.

‘ಧನಿಯ ಒಂಚೂರು ಜಾಸ್ತಿ ಹುರಿದವ್ರೆ ಕಣಪ್ಪ’ ಅಂದಳು. ‘ಒಳಗೆ ಯಾರು ಮಾಡಿದ್ದು ಕರಿ, ಹೇಳ್ಕೊಡ್ತೀನಿ.’